ಹರಕೆ ಯಾರ ಹೆಗಲಿಗೆ?

ಯುಗಾದಿಯ ಬೆಳಿಗ್ಗೆ ದೇವಸ್ಥಾನದ ಮೆಟ್ಟಿಲ ಮೇಲೆ ಹೊಸ ಪಂಚೆ ಉಟ್ಟ ಹುಡುಗನೊಬ್ಬ ಫೋನಿನಲ್ಲಿ ಹೇಳುತ್ತಿದ್ದ: ‘ಅಮ್ಮಾ, ಹರಕೆ ಪೇ ಮಾಡಾಯ್ತು. ಸ್ಕ್ರೀನ್‌ಶಾಟ್ ಕಳಿಸಿದೀನಿ ನೋಡು. ಈಗ ಬ್ಲೆಸ್ ಮಾಡು.’ ಆ ಕಡೆಯಿಂದ ಅಮ್ಮ ಏನೆಂದರೋ ಕೇಳಿಸಲಿಲ್ಲ. ನನ್ನ ಬಾಯಲ್ಲಿದ್ದ ಬೇವು ಮಾತ್ರ ಇನ್ನಷ್ಟು ಕಹಿಯಾಯಿತು. ಹರಕೆಯನ್ನು ಹೊರುತ್ತಾರೆ, ಒಪ್ಪಿಸುತ್ತಾರೆ, ಸಲ್ಲಿಸುತ್ತಾರೆ, ತೀರಿಸುತ್ತಾರೆ. ಇಷ್ಟೆಲ್ಲ ಕ್ರಿಯಾಪದಗಳು ಕೆಲಸವಿಲ್ಲದೆ ಕೂತಿರುವಾಗ ಕರೆಂಟ್ ಬಿಲ್ಲಿಗೆ ಮೀಸಲಾಗಿದ್ದ ‘ಪೇ’ ಇಲ್ಲಿಗೇಕೆ ಬಂತು?

ಆದರೂ ಆ ಹುಡುಗನ ಉಪಕಾರ ಮರೆಯಬಾರದು. ಅವನು ಒಂದೇ ಉಸಿರಿಗೆ ಹೇಳಿದ ಎರಡು ಸಂಗತಿಗಳೂ ಕನ್ನಡದಲ್ಲಿ ಒಂದೇ ಮಾತು. ಹರಸು ಎಂದರೆ ಆಶೀರ್ವದಿಸು. ಅದಕ್ಕೊಂದು ‘ಕೊಳ್ಳು’ ಸೇರಿಸಿ ‘ಹರಸಿಕೊಂಡೆ’ ಅಂದಿರೋ, ದೇವರಿಗೆ ಮಾತು ಕೊಟ್ಟು ಸಾಲಗಾರರಾದಿರಿ. ಹಿರಿಯರು ಕೊಟ್ಟದ್ದೂ ಹರಕೆಯೇ, ನಾವು ಹೊತ್ತದ್ದೂ ಹರಕೆಯೇ. ಪಕಾರ ಹಕಾರವಾದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು, ಅದನ್ನು ಬಿಡುತ್ತೇನೆ. ತುಳುವರ ಬಾಯಲ್ಲಿ ಅದು ಇವತ್ತಿಗೂ ಪರಕೆ.

ಪಂಡಿತರು ಒಪ್ಪಲಿ ಬಿಡಲಿ, ನನ್ನದೊಂದು ವಾದವಿದೆ. ಹರಸುವುದು ಮೊದಲಿಂದಲೂ ಹೊರುವ ಕೆಲಸವೇ. ಅಜ್ಜಿ ತಲೆಯ ಮೇಲೆ ಕೈಯಿಟ್ಟು ‘ನೂರು ವರ್ಷ ಬಾಳಪ್ಪಾ’ ಅಂದಳಲ್ಲ, ಆ ನೂರು ವರ್ಷ ಅವಳ ಹತ್ತಿರ ಎಲ್ಲಿತ್ತು? ತನ್ನಲ್ಲಿಲ್ಲದ್ದನ್ನು ಕೊಟ್ಟುಬಿಟ್ಟ ಮೇಲೆ ಇರುವವನ ಬಾಗಿಲಿಗೆ ಹೋಗಿ ಬೇಡಲೇಬೇಕು. ಹಾಗಾಗಿ ಬೆಳಿಗ್ಗೆ ಹರಸಿದವಳು ಸಂಜೆ ಹರಸಿಕೊಳ್ಳುತ್ತಿದ್ದಳು. ನಮ್ಮಜ್ಜಿ ಹಳೆಯ ಪಂಚೆಯ ಅಂಚು ಹರಿದು, ಅರಿಸಿನದ ನೀರಿನಲ್ಲಿ ಅದ್ದಿ, ಒಂದು ನಾಣ್ಯ ಇಟ್ಟು ಗಂಟು ಹಾಕಿ ದೇವರ ಗೂಡಿನ ಮೂಲೆಗೆ ಸೇರಿಸುತ್ತಿದ್ದಳು. ಅದು ಮುಡಿಪು. ವರ್ಷ ಕಳೆದಂತೆ ಬಟ್ಟೆಯ ಅರಿಸಿನ ಮಾಸಿ, ನಾಣ್ಯ ಕಿಲುಬು ಹಿಡಿದು, ಗಂಟಿನ ಮೇಲೆ ಹಸಿರು ಕಲೆ ಮೂಡುತ್ತಿತ್ತು. ಮನೆಯಲ್ಲಿ ಸಂತೆಗೆ ಚಿಲ್ಲರೆ ಇಲ್ಲದ ದಿನವೂ ಅದಕ್ಕೆ ಯಾರೂ ಕೈ ಹಾಕುವಂತಿರಲಿಲ್ಲ. ಹರಕೆಯ ಫಲ ಮೊಮ್ಮಗನಿಗೆ, ಜಾಮೀನು ಅಜ್ಜಿಯದು. ಆಮೇಲೆ ಸಂಸ್ಕೃತದ ಆಶೀರ್ವಾದ ಬಂದು ನಡುಮನೆಯಲ್ಲಿ ಕೂತಿತು. ಸೊಸೆ ಬಂದ ಮೇಲೆ ಅತ್ತೆ ದೇವರಮನೆ ಸೇರುವಂತೆ ಹರಕೆಯೂ ದೇವರ ಪಾಲಾಯಿತು. ‘ಹರಸು’ ಮಾತ್ರ ಲಗ್ನಪತ್ರಿಕೆಗಳ ದಯದಿಂದ ಇನ್ನೂ ಉಸಿರಾಡುತ್ತಿದೆ.

ಈ ವಾದಕ್ಕೆ ಸಾಕ್ಷಿ ಕೇಳುವವರು ಬೆಳ್ತಂಗಡಿ ತಾಲ್ಲೂಕಿನ ಸುರ್ಯಕ್ಕೆ ಹೋಗಬೇಕು. ಉಜಿರೆಯ ಹತ್ತಿರದ ಊರು. ಅಲ್ಲಿಯ ಸದಾಶಿವರುದ್ರನಿಗೆ ಮಣ್ಣಿನ ಹರಕೆ. ಮಗು ಬೇಡಿದವರು ಮಣ್ಣಿನ ತೊಟ್ಟಿಲು ಒಪ್ಪಿಸುತ್ತಾರೆ, ಮನೆ ಬೇಡಿದವರು ಮಣ್ಣಿನ ಮನೆ, ಕಾಲುನೋವಿನವರು ಮಣ್ಣಿನ ಕಾಲು. ಎಲ್ಲವೂ ಕಾಡಿನ ನಡುವಿನ ಹರಕೆ ಬನದಲ್ಲಿ ಮಳೆಗೆ ನೆನೆಯುತ್ತ, ಪಾಚಿ ಹಿಡಿಯುತ್ತ ರಾಶಿ ಬಿದ್ದಿವೆ. ಈಚೆಗೆ ಕಾರು, ಕಂಪ್ಯೂಟರುಗಳೂ ಸೇರಿವೆ. ಬೇಡಿದ್ದರ ರೂಪವೂ ತೀರಿಸಿದ್ದರ ರೂಪವೂ ಅಲ್ಲಿ ಒಂದೇ. ಬೊಂಬೆ ಕೈಯಲ್ಲಿ ಹಿಡಿದು ನಿಂತವನನ್ನು ನೋಡಿ, ಕೇಳಲು ಬಂದವನೋ ಕೊಡಲು ಬಂದವನೋ ಹೇಳಿಬಿಡಿ ನೋಡೋಣ.

ಈಗ ಹರಕೆಯ ಕುರಿಗೆ ಬರೋಣ. ನನ್ನ ಕೋಪವೆಲ್ಲ ಇರುವುದು ಇಲ್ಲಿ. 12ನೇ ಶತಮಾನದಲ್ಲಿ ಬಸವಣ್ಣನವರು ಈ ಕುರಿಯನ್ನು ಒಂದು ವಚನದಲ್ಲಿ ನಿಲ್ಲಿಸಿಬಿಟ್ಟಿದ್ದಾರೆ. ಬಲಿಗೆಂದು ತಂದ ಕುರಿ, ತೋರಣಕ್ಕೆಂದು ತಂದ ತಳಿರನ್ನೇ ಮೇಯುತ್ತದೆ. ತನ್ನ ಕೊರಳಿಗೆ ಏನು ಕಾದಿದೆ ಎಂಬುದು ಅದಕ್ಕೆ ತಿಳಿಯದು. ಉಪನ್ಯಾಸಕರು ಅಜ್ಞಾನ, ಸಂಸಾರ ಎಂದು ಅರ್ಥ ಹೇಳಿ ಮುಂದಿನ ವಚನಕ್ಕೆ ಹೋಗುತ್ತಾರೆ. ನನಗೆ ತಳಿರಿನದೇ ಚಿಂತೆ. ತೋರಣವೆಂದ ಮೇಲೆ ಮಾವು ಇದ್ದೀತು. ಆದರೆ ಕುರಿ ಮುಖ್ಯವಾಗಿ ಹುಲ್ಲು ಮೇಯುವ ಪ್ರಾಣಿ. ಎಲೆ ಕಂಡಲ್ಲಿ ಬಾಯಿ ಹಾಕುವ ಖ್ಯಾತಿ ಆಡಿನದು, ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆಯೇ ಇದೆ. ಹಾಗಿದ್ದರೆ ಅಲ್ಲಿ ಕಟ್ಟಿದ್ದು ಆಡೇ ಯಾಕಾಗಿರಬಾರದು? ಕುರಿ ಕಾಯುವ ಗೆಳೆಯನೊಬ್ಬನನ್ನು ಕೇಳಿದೆ. ‘ಹೊಸ ಜಾಗ, ಕಟ್ಟಿಹಾಕ್ಯಾರ, ಮುಂದ ಹಸಿರು ತೂಗ್ತೈತಿ. ಹಸಿದ ಕುರಿ ಮಾವು ಬೇವು ನೋಡ್ತದೇನ್ರಿ?’ ಅಂದ. ಆಡನ್ನು ಬಿಟ್ಟೆ. ಹೇಗೂ ‘ಹರಕೆಯ ಆಡು’ ಎಂಬುದು ಕಿವಿಗೆ ಹಿಡಿಸುವುದಿಲ್ಲ. ಚಂದ್ರಶೇಖರ ಕಂಬಾರರ ನಾಟಕಕ್ಕಾಗಲಿ, ಅದನ್ನು 1992ರಲ್ಲಿ ಕೆ.ಎಸ್.ಎಲ್. ಸ್ವಾಮಿಯವರು ತೆರೆಗೆ ತಂದಾಗಲಾಗಲಿ ಹೆಸರು ಗೆದ್ದದ್ದು ಕುರಿಯದೇ.

ಇಂಥ ಕುರಿಯನ್ನು ನಮ್ಮ ಸುದ್ದಿಮನೆಗಳು ಏನು ಮಾಡಿವೆ ನೋಡಿ. ಗುಮಾಸ್ತ ಅಮಾನತಾದರೆ ಹರಕೆಯ ಕುರಿ, ತಂಡ ಸೋತು ನಾಯಕ ಹೊರಬಿದ್ದರೆ ಹರಕೆಯ ಕುರಿ. ಬೇರೆಯವರ ತಪ್ಪು ಹೊತ್ತವನಿಗೆ ಬಲಿಪಶು ಎಂಬ ಮಾತು ಸಿದ್ಧವಾಗಿದೆಯಲ್ಲ. ಹರಕೆಯ ಕುರಿಯ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ. ಅದನ್ನು ಗುರುತು ಮಾಡಿ ಬಿಟ್ಟಿರುತ್ತಾರೆ, ಸಾಕುತ್ತಾರೆ, ಹಬ್ಬದ ದಿನ ಮೈತೊಳೆದು ಹೂ ಮುಡಿಸುತ್ತಾರೆ. ಯಾರದೋ ಜ್ವರ ಬಿಟ್ಟಿತೆಂದೋ ಯಾರಿಗೋ ಗಂಡುಮಗು ಆಯಿತೆಂದೋ ಅದರ ಲೆಕ್ಕ ತೀರುತ್ತದೆ. ಅಮಾನತಾದ ಗುಮಾಸ್ತ ಯಾರ ಮನೆಯ ಹರಕೆ, ಯಾವ ಜ್ವರಕ್ಕೆ? ಇನ್ನು ಹಳೆಯ ಮೈಸೂರಿನ ಕಡೆ ಯುಗಾದಿಯ ಮರುದಿನ ಹೊಸತೊಡಕು. ಮಾಂಸದಂಗಡಿಯ ಮುಂದೆ ನಸುಕಿನಲ್ಲೇ ಸಾಲು. ಕುರಿಯ ಪಾಲಿಗೆ ವರ್ಷದ ಮೊದಲ ದಿನ ತಳಿರು, ಎರಡನೇ ದಿನ ಸಾರು.

ಹಾರೈಕೆಯ ಗತಿ ಇನ್ನೂ ಕಷ್ಟ. ಹಾರೈಸು ಎಂಬುದರೊಳಗೆ ಹಳೆಯದೊಂದು ‘ಹಾರು’ ಅಡಗಿದೆ. ಹಕ್ಕಿಯ ಹಾರಾಟಕ್ಕೂ ಅದಕ್ಕೂ ಸಂಬಂಧವಿಲ್ಲ. ದಾರಿ ನೋಡುತ್ತ ಕಾಯುವುದಕ್ಕೆ ಹಾಗನ್ನುತ್ತಿದ್ದರು. ಒಳ್ಳೆಯದಾಗಲಿ ಅಂದವನು ಅದು ಬರುವ ತನಕ ಹೊಸಿಲಲ್ಲಿ ನಿಂತಿರಬೇಕು ಎಂದಾಯಿತು. ಈಗ ರಾತ್ರಿ ಹನ್ನೆರಡು ಹೊಡೆದ ಕೂಡಲೇ ಫೋನು ಗುಂಯ್‌ಗುಡುತ್ತದೆ. ‘ಹಾರ್ದಿಕ ಶುಭಾಷಯಗಳು’! ಆಶಯದ ಹೊಟ್ಟೆಗೆ ‘ಷ’ ತುರುಕಿದವನು ನನಗಾಗಿ ಯಾವ ಹೊಸಿಲಲ್ಲಿ ನಿಂತಾನು? ಪುಣ್ಯಾತ್ಮ, ಬಂದದ್ದನ್ನು ಓದದೆಯೇ ಮುಂದೆ ತಳ್ಳಿರುತ್ತಾನೆ.

ನಿಜವಾಗಿ ಕಾಯುವವರನ್ನು ನೋಡಬೇಕಾದರೆ ಮತ್ತೆ ಕರಾವಳಿಗೇ ಹೋಗಬೇಕು. ಮಂದಾರ್ತಿ, ಕಟೀಲು ಯಕ್ಷಗಾನ ಮೇಳಗಳ ಹರಕೆ ಆಟಕ್ಕೆ ಇವತ್ತು ಹೆಸರು ಬರೆಸಿದರೆ ಸರದಿ ಬರುವುದು ಎಷ್ಟೋ ವರ್ಷಕ್ಕೆ. ಮದುವೆ ಕೂಡಿಬರಲೆಂದು ಹೊತ್ತ ಹರಕೆಯ ಆಟ ಮನೆಯಂಗಳಕ್ಕೆ ಬರುವ ಹೊತ್ತಿಗೆ ಮದುವೆಯಾದವರ ಮಗು ಶಾಲೆಗೆ ಹೋಗುತ್ತಿರುತ್ತದೆ; ಬಣ್ಣದ ವೇಷ ಅಬ್ಬರಿಸಿದ್ದೇ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸುತ್ತದೆ. ದೇವಿ ಕೊಡುವುದನ್ನು ಎಂದೋ ಕೊಟ್ಟು ಮುಗಿಸಿದ್ದಾಳೆ, ತೀರಿಸಲು ಇವರಿಗೆ ದಿನ ಸಿಕ್ಕಿಲ್ಲ. ಆದರೂ ಮನೆಯ ಯಜಮಾನ ಚೌಕಿಯಲ್ಲಿ ಕೈಮುಗಿದು, ಮಗುವಿನ ಹೆಸರಲ್ಲಿ ಇನ್ನೊಂದು ಆಟಕ್ಕೆ ‘ಬುಕ್ಕಿಂಗ್’ ಮಾಡಿಸಿ ಬರುತ್ತಾನೆ. ಆ ಬುಕ್ಕಿಂಗ್ ಎಂಬ ಮಾತಿಗೆ ನನ್ನ ತಕರಾರಿಲ್ಲ. ಮೇಳದವರು ಹಾಗೇ ಅನ್ನುತ್ತಾರೆ, ಅವರೊಡನೆ ಜಗಳವಾಡಿದರೆ ಸರದಿ ಇನ್ನೂ ಹಿಂದಕ್ಕೆ ಹೋದೀತು.