ಅಪರಿಚಿತನಿಗೆ ಜಾಮೀನು ನಿಂತವರು

ಅದು 1841ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ. ಅಮೆರಿಕದ ಬಾಸ್ಟನ್ ನಗರದ ಪೊಲೀಸ್ ನ್ಯಾಯಾಲಯಕ್ಕೆ ಹರಕು ಬಟ್ಟೆಯ ಒಬ್ಬನನ್ನು ಕರೆತರಲಾಯಿತು. ಅವನ ಮೇಲಿದ್ದ ಆರೋಪ ಕುಡುಕತನ. ಅಪರಾಧ ಸಾಬೀತಾಯಿತು. ಶಿಕ್ಷೆ ಏನೆಂದು ಎಲ್ಲರಿಗೂ ಗೊತ್ತಿತ್ತು: ‘ಹೌಸ್ ಆಫ್ ಕರೆಕ್ಷನ್’ ಎಂದು ಕರೆಯುತ್ತಿದ್ದ ಸೆರೆಮನೆ. ಅಷ್ಟರಲ್ಲಿ ನ್ಯಾಯಾಲಯದಲ್ಲಿದ್ದ ಬೂಟು ತಯಾರಕನೊಬ್ಬ ಆ ಮನುಷ್ಯನ ಹತ್ತಿರ ಹೋಗಿ ನಾಲ್ಕು ಮಾತಾಡಿದ. ಸೆರೆಮನೆ ತಪ್ಪಿಸಿದರೆ ಇನ್ನು ಹೆಂಡ ಮುಟ್ಟುವುದಿಲ್ಲ ಎಂದ ಆತ. ಬೂಟು ತಯಾರಕ ನ್ಯಾಯಾಧೀಶರ ಅನುಮತಿ ಪಡೆದು ಅವನಿಗೆ ಜಾಮೀನು ನಿಂತ. ಮೂರು ವಾರ ಬಿಟ್ಟು ಇಬ್ಬರೂ ಮತ್ತೆ ಬಂದಾಗ ಇವನೇ ಅವನೆಂದು ಯಾರೂ ನಂಬುವಂತಿರಲಿಲ್ಲ. ನ್ಯಾಯಾಧೀಶರು ಒಂದು ಸೆಂಟ್ ದಂಡ ಹಾಕಿದರು. ನ್ಯಾಯಾಲಯದ ಖರ್ಚು ಸೇರಿ ಮೂರು ಡಾಲರ್ 76 ಸೆಂಟ್ ಆಯಿತು. ಆತ ಅಲ್ಲೇ ಕಟ್ಟಿ ಹೊರನಡೆದ.

ಜಾಮೀನು ನಿಂತವನ ಹೆಸರು ಜಾನ್ ಆಗಸ್ಟಸ್. ಇಂದು ಪ್ರೊಬೇಷನ್ ಎಂದು ಕರೆಯುವ ಪದ್ಧತಿಯ ಮೂಲಪುರುಷ ಎಂದು ಚರಿತ್ರೆಕಾರರು ಗುರುತಿಸುವುದು ಇವನನ್ನೇ. ಅವನು ವಕೀಲನಲ್ಲ, ಪೊಲೀಸನಲ್ಲ, ಸರ್ಕಾರಿ ನೌಕರನೂ ಅಲ್ಲ. ಪಾನನಿರೋಧ ಸಂಘವೊಂದರ ಸದಸ್ಯ, ಅಷ್ಟೆ.

ಪ್ರೊಬೇಷನ್ ಎಂದೊಡನೆ ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರ ಕಾಯಂ ಆಗದ ಎರಡು ವರ್ಷ ನೆನಪಾಗುತ್ತದೆ. ಮಾತಿನ ಮೂಲ ಅರ್ಥವೂ ಅದೇ, ಪರೀಕ್ಷೆ. ನ್ಯಾಯಾಲಯದಲ್ಲಿ ಈ ಪರೀಕ್ಷೆಗೆ ಒಳಗಾಗುವವನು ತಪ್ಪು ಮಾಡಿದವನು. ಅವನನ್ನು ಸೆರೆಗೆ ಕಳಿಸದೆ, ಮುಚ್ಚಳಿಕೆ ಬರೆಸಿಕೊಂಡು, ಒಬ್ಬರ ಮೇಲ್ವಿಚಾರಣೆಯಲ್ಲಿ ಊರಿನಲ್ಲೇ ಇರಗೊಡುತ್ತಾರೆ. ಆ ‘ಒಬ್ಬರು’ ಪ್ರೊಬೇಷನ್ ಅಧಿಕಾರಿ, ನಮ್ಮ ಸರ್ಕಾರಿ ಕನ್ನಡದಲ್ಲಿ ಪರಿವೀಕ್ಷಣಾಧಿಕಾರಿ. ಅವರ ಕೈಕೆಳಗೆ ಮನೆಮನೆಗೆ ಅಲೆಯುವ, ಆರೋಪಿಯೊಂದಿಗೆ ಮಾತಿಗೆ ಕೂರುವ ಸಹಾಯಕರು ಅನೇಕ ದೇಶಗಳಲ್ಲಿದ್ದಾರೆ. ನ್ಯಾಯಾಲಯದ ವರದಿಗೆ ಹೋಗುವ ಪತ್ರಕರ್ತನಿಗೆ ವಕೀಲರು, ಬೆಂಚ್ ಕ್ಲರ್ಕು, ದಫೇದಾರ ಎಲ್ಲರೂ ಮೊದಲ ವಾರದಲ್ಲೇ ಪರಿಚಯವಾಗುತ್ತಾರೆ. ಪರಿವೀಕ್ಷಣಾಧಿಕಾರಿ ಎಂಬೊಬ್ಬರು ಇದ್ದಾರೆಂದು ನನಗೆ ತಿಳಿಯಲು ಬಹಳ ದಿನ ಹಿಡಿಯಿತು. ಅವರ ಸಹಾಯಕರ ಮಾತಂತೂ ದೂರವೇ ಉಳಿಯಿತು. ಆದರೆ ಚರಿತ್ರೆಯನ್ನು ಕೆದಕಿದರೆ ಒಂದು ತಮಾಷೆ ಕಾಣುತ್ತದೆ. ಇಲ್ಲಿ ಮೊದಲು ಹುಟ್ಟಿದ್ದು ಅಧಿಕಾರಿಯಲ್ಲ, ಸಂಬಳವಿಲ್ಲದ ಸಹಾಯಕ.

ಆಗಸ್ಟಸ್‌ನ ಕಥೆಗೇ ಮರಳೋಣ. ಅವನು ಕಂಡಕಂಡವರಿಗೆಲ್ಲ ಜಾಮೀನು ನಿಲ್ಲುತ್ತಿರಲಿಲ್ಲ. ಆರೋಪಿಯ ವಯಸ್ಸೇನು, ಹಿಂದಿನ ನಡತೆ ಹೇಗಿತ್ತು, ಬಿಟ್ಟರೆ ಎಂಥವರ ಸಹವಾಸಕ್ಕೆ ಬೀಳುತ್ತಾನೆ ಎಂದು ಮೊದಲು ವಿಚಾರಿಸುತ್ತಿದ್ದ. ಒಪ್ಪಿಕೊಂಡ ಮೇಲೆ ಕೆಲಸ ಹುಡುಕುವುದು, ಇರಲು ಜಾಗ ಕೊಡಿಸುವುದು, ಮಕ್ಕಳಾದರೆ ಶಾಲೆಗೆ ಸೇರಿಸುವುದು ಎಲ್ಲವೂ ಅವನದೇ ಹೊಣೆ. ಎಷ್ಟೋ ಮಂದಿಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡ. ಅವಧಿ ಮುಗಿದಾಗ ನ್ಯಾಯಾಧೀಶರಿಗೆ ವರದಿ ಒಪ್ಪಿಸುತ್ತಿದ್ದ. ಇಂದಿನ ಪರಿವೀಕ್ಷಣಾಧಿಕಾರಿಯ ಕೆಲಸದ ಪಟ್ಟಿ ಇದಕ್ಕಿಂತ ಹೆಚ್ಚೇನೂ ಬೆಳೆದಿಲ್ಲ.

ವಿರೋಧ ಬಂದದ್ದು ನಾವು ಊಹಿಸದ ಕಡೆಯಿಂದ. ಆ ಕಾಲದಲ್ಲಿ ಆರೋಪಿಯನ್ನು ಸೆರೆಮನೆಗೆ ಸಾಗಿಸುವ ನ್ಯಾಯಾಲಯದ ಸಿಬ್ಬಂದಿಗೆ ತಲೆಗಿಷ್ಟು ಎಂದು ಶುಲ್ಕ ಸಿಗುತ್ತಿತ್ತು. ಆಗಸ್ಟಸ್ ಬಿಡಿಸಿಕೊಂಡು ಹೋದ ಒಬ್ಬೊಬ್ಬನೂ ಅವರಿಗೆ ಒಂದೊಂದು ನಷ್ಟ. ಅವರು ಅವನಿಗೆ ಅಡ್ಡಿ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಅತ್ತ ಅಂಗಡಿಯ ವ್ಯಾಪಾರವೂ ಕುಸಿಯಿತು. ಬೂಟು ಹೊಲಿಯುವ ಹೊತ್ತೆಲ್ಲ ನ್ಯಾಯಾಲಯದಲ್ಲೇ ಕಳೆದರೆ ಇನ್ನೇನಾದೀತು? ಕೊನೆಗೆ ಹಿತೈಷಿಗಳ ದೇಣಿಗೆಯೇ ಆಧಾರವಾಯಿತು. 1859ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವನು ಜಾಮೀನು ನಿಂತವರ ಸಂಖ್ಯೆ 1,946 ಎಂದು ದಾಖಲೆಗಳಿವೆ. ಅವರಲ್ಲಿ ಮಾತಿಗೆ ತಪ್ಪಿ ಜಾಮೀನು ಕಳೆದವರು ಹತ್ತು ಮಂದಿ ಮಾತ್ರ ಎನ್ನಲಾಗುತ್ತದೆ. ಈ ಹತ್ತರ ಲೆಕ್ಕವನ್ನು ಸ್ವಲ್ಪ ಎಚ್ಚರದಿಂದಲೇ ನೋಡಬೇಕು. ಆಯ್ದು ಆಯ್ದು ಜಾಮೀನು ನಿಂತವನ ಲೆಕ್ಕವದು.

ಅವನು ಸತ್ತು ಸುಮಾರು ಎರಡು ದಶಕ ಕಳೆದ ಮೇಲೆ, 1878ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯ ಕಾನೂನು ಮಾಡಿ ಬಾಸ್ಟನ್ನಿಗೆ ಸಂಬಳದ ಪ್ರೊಬೇಷನ್ ಅಧಿಕಾರಿಯನ್ನು ಕೊಟ್ಟಿತು. ಮೊದಲು ನೇಮಕವಾದವರು ಎಡ್ವರ್ಡ್ ಸ್ಯಾವೇಜ್, ನಗರದ ಮಾಜಿ ಪೊಲೀಸ್ ಮುಖ್ಯಸ್ಥ. ಬೂಟು ತಯಾರಕನ ಜಾಗಕ್ಕೆ ಪೊಲೀಸು ಬಂದ ಈ ಬದಲಾವಣೆ ಸಣ್ಣದಲ್ಲ.

ಇಂಗ್ಲೆಂಡಿನಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ಫ್ರೆಡರಿಕ್ ರೈನರ್ ಎಂಬ ಮುದ್ರಣಕಾರ 1876ರಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಪಾನನಿರೋಧ ಸಂಘಕ್ಕೆ ಒಂದು ಪತ್ರ ಬರೆದ. ಕುಡಿದು ಸಿಕ್ಕಿಬಿದ್ದವನು ಮತ್ತೆ ಮತ್ತೆ ಅದೇ ನ್ಯಾಯಾಲಯಕ್ಕೆ ಬರುವುದನ್ನು ತಪ್ಪಿಸಲು ಯಾರಾದರೂ ಅಲ್ಲಿರಬೇಕು ಎಂದು ಅದರಲ್ಲಿ ಒತ್ತಾಯಿಸಿದ. ಪತ್ರದ ಜೊತೆಗೆ ಐದು ಷಿಲಿಂಗ್ ಇಟ್ಟಿದ್ದ. ಸಂಘ ಲಂಡನ್ನಿನ ಪೊಲೀಸ್ ನ್ಯಾಯಾಲಯಗಳಿಗೆ ‘ಮಿಷನರಿ’ಗಳನ್ನು ನೇಮಿಸಿತು. ಇವರಿಗೆ ಕಾನೂನಿನ ಅಧಿಕಾರ ಯಾವುದೂ ಇರಲಿಲ್ಲ. ನ್ಯಾಯಾಧೀಶರು ಕರೆದು ‘ಇವನ ಮನೆ ನೋಡಿಕೊಂಡು ಬಾ’ ಎಂದರೆ ಹೋಗಿ ಬರಬೇಕಿತ್ತು. 1907ರ ಕಾನೂನು ಬಂದಾಗ ಪ್ರೊಬೇಷನ್ ಅಧಿಕಾರಿಗಳಾದವರಲ್ಲಿ ಈ ಮಿಷನರಿಗಳೇ ಬಹಳ. ಆ ಕಾನೂನು ಅಧಿಕಾರಿಯ ಕರ್ತವ್ಯವನ್ನು ಮೂರು ಕ್ರಿಯಾಪದಗಳಲ್ಲಿ ಹೇಳಿತು: ಸಲಹೆ ಕೊಡು, ನೆರವಾಗು, ಸ್ನೇಹದಿಂದಿರು. ಸ್ನೇಹವನ್ನು ಕಾನೂನಿನ ಕರ್ತವ್ಯವಾಗಿ ಬರೆದ ಉದಾಹರಣೆಗಳು ವಿರಳ. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿನ ಭಾಷೆ ಬದಲಾಗಿ ಶಿಕ್ಷೆ, ಸಾರ್ವಜನಿಕರ ರಕ್ಷಣೆ ಎಂಬ ಮಾತುಗಳು ಮುಂದೆ ಬಂದವು.

ಭಾರತಕ್ಕೆ ಈ ವಿಚಾರ ಕಾನೂನು ಪುಸ್ತಕದ ಮೂಲಕವೇ ಬಂತು. 1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೇ ಕಲಂ ಮೊದಲ ಬಾರಿ ತಪ್ಪು ಮಾಡಿದವರನ್ನು ಮುಚ್ಚಳಿಕೆಯ ಮೇಲೆ ಬಿಡಲು ಅವಕಾಶ ಕೊಟ್ಟಿತ್ತು. ಬಿಟ್ಟ ಮೇಲೆ ನೋಡಿಕೊಳ್ಳುವವರು ಯಾರು? ಆ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ. ಮದ್ರಾಸ್ ಪ್ರಾಂತ 1936ರಲ್ಲಿ, ಮುಂಬಯಿ ಪ್ರಾಂತ 1938ರಲ್ಲಿ ತಮ್ಮದೇ ಪ್ರೊಬೇಷನ್ ಕಾನೂನುಗಳನ್ನು ಮಾಡಿದವು. ಮಂಗಳೂರು, ಬಳ್ಳಾರಿ ಆಗ ಮದ್ರಾಸಿಗೆ ಸೇರಿದ್ದವು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಮುಂಬಯಿಯಲ್ಲಿದ್ದವು. ಹೀಗೆ ಕನ್ನಡನಾಡಿನ ಅಂಚುಗಳು ಈ ಕಾನೂನುಗಳ ವ್ಯಾಪ್ತಿಗೆ ಬಂದವು.

ಇಡೀ ದೇಶಕ್ಕೆಂದು ಬಂದದ್ದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ. ಸಣ್ಣಪುಟ್ಟ ತಪ್ಪಿಗೆ ಬುದ್ಧಿ ಹೇಳಿ ಬಿಡಬಹುದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗದ ಅಪರಾಧವಾದರೆ, ಸಂದರ್ಭ ನೋಡಿ ಮೂರು ವರ್ಷದವರೆಗಿನ ಮುಚ್ಚಳಿಕೆಯ ಮೇಲೆ ಬಿಡಬಹುದು. ಕಾಯಿದೆಯ ವ್ಯಾಪ್ತಿಗೆ ಬರುವ ಅಪರಾಧಗಳಲ್ಲಿ 21 ವರ್ಷದೊಳಗಿನವರನ್ನು ಸೆರೆಗೆ ಕಳಿಸುವುದಾದರೆ ನ್ಯಾಯಾಧೀಶರು ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳಬೇಕು, ಏಕೆ ಕಳಿಸುತ್ತಿದ್ದೇನೆಂದು ಕಾರಣ ಬರೆಯಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 401ನೇ ಕಲಮಿನಲ್ಲೂ ಮುಚ್ಚಳಿಕೆಯ ಮೇಲೆ ಬಿಡುವ ಅವಕಾಶ ಉಳಿದುಕೊಂಡಿದೆ.

1958ರ ಕಾಯಿದೆಯ 13 ಮತ್ತು 14ನೇ ಕಲಮುಗಳನ್ನು ಬಿಡುವಿದ್ದಾಗ ಒಮ್ಮೆ ಓದಬೇಕು. 14ನೇ ಕಲಂ ಅಧಿಕಾರಿಯ ಕರ್ತವ್ಯ ಹೇಳುತ್ತದೆ: ಆರೋಪಿಯ ಮನೆಯ ಪರಿಸ್ಥಿತಿ ವಿಚಾರಿಸುವುದು, ಮೇಲ್ವಿಚಾರಣೆ ಮಾಡುವುದು, ಬೇಕಾದರೆ ಕೆಲಸ ಹುಡುಕಿಕೊಡಲು ಯತ್ನಿಸುವುದು, ಸಲಹೆ ಮತ್ತು ನೆರವು ಕೊಡುವುದು. ಲಂಡನ್ನಿನ ಮೂರು ಕ್ರಿಯಾಪದಗಳಲ್ಲಿ ಎರಡು ಇಲ್ಲಿವೆ. ಸ್ನೇಹ ಮಾತ್ರ ಇಲ್ಲ! 13ನೇ ಕಲಂ ಇನ್ನೂ ಕುತೂಹಲಕಾರಿ. ಸರ್ಕಾರ ನೇಮಿಸಿದವರಲ್ಲದೆ, ಮಾನ್ಯತೆ ಪಡೆದ ಸಂಘಸಂಸ್ಥೆಗಳು ಕೊಟ್ಟವರೂ ಪರಿವೀಕ್ಷಣಾಧಿಕಾರಿಯಾಗಬಹುದು. ಅಪರೂಪದ ಸಂದರ್ಭದಲ್ಲಿ ನ್ಯಾಯಾಲಯಕ್ಕೆ ಸರಿಯೆನಿಸಿದ ಬೇರೆ ಯಾರಾದರೂ ಆಗಬಹುದು. ಅಂದರೆ ಬೂಟು ತಯಾರಕನಿಗೆ ನಮ್ಮ ಕಾಯಿದೆ ಹಿಂಬಾಗಿಲನ್ನು ತೆರೆದೇ ಇಟ್ಟಿದೆ.

ಅಧಿಕಾರಿಯ ಸಂಬಳವನ್ನು ಯಾರು ಕೊಡಬೇಕು ಎಂಬ ಸಣ್ಣ ಪ್ರಶ್ನೆ ಒಂದು ದೇಶದ ಇಡೀ ಪ್ರೊಬೇಷನ್ ಕಾನೂನನ್ನೇ ಮುಳುಗಿಸಿದ್ದುಂಟು. ಅಮೆರಿಕದ ಅಧೀನದಲ್ಲಿದ್ದ ಫಿಲಿಪೀನ್ಸ್ 1935ರಲ್ಲಿ ಇಂಥ ಕಾನೂನು ಮಾಡಿತು. ಆದರೆ ಯಾವ ಪ್ರಾಂತದ ಮಂಡಳಿ ಅಧಿಕಾರಿಯ ಸಂಬಳಕ್ಕೆ ಹಣ ಒದಗಿಸುತ್ತದೋ ಅಲ್ಲಿ ಮಾತ್ರ ಜಾರಿ ಎಂಬ ಷರತ್ತು ಹಾಕಿತು. ಹಾಗಾದರೆ ಒಂದೇ ತಪ್ಪು ಮಾಡಿದ ಇಬ್ಬರಲ್ಲಿ, ಹಣ ಕೊಡುವ ಪ್ರಾಂತದವನು ಮನೆಗೆ, ಕೊಡದ ಪ್ರಾಂತದವನು ಸೆರೆಮನೆಗೆ. ಸಮಾನತೆ ಎಲ್ಲಿ ಬಂತು? ಅಲ್ಲಿನ ಸುಪ್ರೀಂ ಕೋರ್ಟು 1937ರ ನವೆಂಬರಿನಲ್ಲಿ ಕಾನೂನನ್ನೇ ರದ್ದು ಮಾಡಿತು. ಹೊಸದು ಬರಲು 1976ರವರೆಗೆ ಕಾಯಬೇಕಾಯಿತು.

1976ರ ಕಾನೂನು ಬರೆದವರು ಹಳೆಯ ಪೆಟ್ಟನ್ನು ಮರೆತಿರಲಿಲ್ಲ ಎನಿಸುತ್ತದೆ. ಈ ಬಾರಿ ಇಡೀ ದೇಶಕ್ಕೆ ಒಂದೇ ಆಡಳಿತ. ಜೊತೆಗೆ ಅಧಿಕಾರಿಗೆ ಕೈಜೋಡಿಸಲು ಊರಿನ ಒಳ್ಳೆಯ ಹೆಸರಿನ ನಾಗರಿಕರನ್ನು ಪ್ರೊಬೇಷನ್ ಸಹಾಯಕರಾಗಿ ನೇಮಿಸಿಕೊಳ್ಳುವ ಏರ್ಪಾಡು. ಇವರಿಗೆ ಸಂಬಳವಿಲ್ಲ. ಪ್ರಯಾಣ ಮತ್ತು ಊಟದ ಖರ್ಚು ಮಾತ್ರ. 2015ರ ತಿದ್ದುಪಡಿ ಇವರನ್ನು ‘ಸ್ವಯಂಸೇವಕ ಪ್ರೊಬೇಷನ್ ಸಹಾಯಕರು’ ಎಂದು ಕರೆಯಿತು. ಅಧಿಕಾರಿ ತಾಲ್ಲೂಕು ಕೇಂದ್ರದಲ್ಲಿ ಕೂತು ಕಡತ ನೋಡಿದರೆ, ಸಹಾಯಕ ಅದೇ ಬೀದಿಯವನು. ಹುಡುಗ ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಿದ ಎಂದು ಯಾರನ್ನೂ ಕೇಳದೆ ಗೊತ್ತಾಗುತ್ತದೆ.

ಈ ವ್ಯವಸ್ಥೆ ಎಲ್ಲಕ್ಕಿಂತ ಆಳವಾಗಿ ಬೇರೂರಿರುವುದು ಜಪಾನಿನಲ್ಲಿ. ಅಲ್ಲಿ ಇವರ ಹೆಸರು ‘ಹೊಗೋಷಿ’. ಇದರ ಮೂಲದಲ್ಲೊಂದು ಸಾವಿದೆ. ಷಿಜುಓಕದ ಸೆರೆಮನೆಯಲ್ಲಿ ಕವಾಮುರ ಎಂಬ ಅಧಿಕಾರಿ ಪುಂಡ ಕೈದಿಯೊಬ್ಬನನ್ನು ತಿದ್ದಿದ್ದನಂತೆ. ಬಿಡುಗಡೆಯಾಗಿ ಊರಿಗೆ ಹೋದರೆ ಹೆಂಡತಿ ಬೇರೆಯವನನ್ನು ಮದುವೆಯಾಗಿದ್ದಳು, ನೆಂಟರು ಬಾಗಿಲು ತೆರೆಯಲಿಲ್ಲ. ಮತ್ತೆ ಕಳ್ಳತನಕ್ಕೆ ಇಳಿದರೆ ಅಧಿಕಾರಿಗೆ ಕೊಟ್ಟ ಮಾತು ತಪ್ಪುತ್ತದೆ. ಆತ ಒಂದು ಪತ್ರ ಬರೆದಿಟ್ಟು ಕೊಳಕ್ಕೆ ಹಾರಿದ ಎಂದು ಹೇಳಲಾಗುತ್ತದೆ. ಇದನ್ನು ಕೇಳಿದ ಕಿಂಪರ ಮೈಝೆನ್ ಎಂಬ ಉದ್ಯಮಿ 1888ರಲ್ಲಿ ಬಿಡುಗಡೆಯಾದವರಿಗೆ ಆಸರೆ ಕೊಡುವ ಸಂಸ್ಥೆ ಕಟ್ಟಿದ. ಟೆನ್‌ರ್ಯೂ ನದಿಯ ಪ್ರವಾಹ ತಡೆಯಲು ದುಡಿದವನೆಂದು ಜಪಾನಿಗರಿಗೆ ಈತ ಮೊದಲೇ ಗೊತ್ತು.

1950ರಲ್ಲಿ ಹೊಗೋಷಿಗಳಿಗಾಗಿಯೇ ಪ್ರತ್ಯೇಕ ಕಾನೂನು ಬಂತು. ಅದು ಕೇಳಿದ ಅರ್ಹತೆಗಳು ನಾಲ್ಕು: ನಡತೆಗೆ ಊರಿನ ಮನ್ನಣೆ, ಕೆಲಸಕ್ಕೆ ಬೇಕಾದ ಉತ್ಸಾಹ ಮತ್ತು ಸಮಯ, ನೆಲೆನಿಂತ ಜೀವನೋಪಾಯ, ಒಳ್ಳೆಯ ಆರೋಗ್ಯ. ಪದವಿ ಕೇಳುವುದಿಲ್ಲ. ಸಂಬಳವನ್ನೂ ಕೊಡುವುದಿಲ್ಲ. ಪ್ರೊಬೇಷನ್ ಅಧಿಕಾರಿಯಿಂದ ಸಾಲದೆ ಬಂದದ್ದನ್ನು ತುಂಬುವುದೇ ಇವರ ಕೆಲಸ ಎಂದು ಜಪಾನಿನ ಕಾನೂನು ನೇರವಾಗಿ ಹೇಳುತ್ತದೆ. ಇಡೀ ದೇಶದಲ್ಲಿ ಕ್ಷೇತ್ರಕ್ಕಿಳಿಯುವ ಸಂಬಳದ ಅಧಿಕಾರಿಗಳು ಸುಮಾರು ಒಂದು ಸಾವಿರ. ಹೊಗೋಷಿಗಳು 46 ಸಾವಿರದಷ್ಟು. ಕಾನೂನು ಅನುಮತಿಸಿರುವುದು 52,500. ಅಂಗಡಿಯವರು, ರೈತರು, ದೇವಾಲಯದ ಭಿಕ್ಷುಗಳು, ನಿವೃತ್ತ ಮೇಷ್ಟರು, ಗೃಹಿಣಿಯರು ಇವರಲ್ಲಿದ್ದಾರೆ. ತಿಂಗಳಿಗೆ ಒಂದೆರಡು ಬಾರಿ ಪ್ರೊಬೇಷನ್ನಿನ ಮೇಲಿರುವವನು ಹೊಗೋಷಿಯ ಮನೆಗೆ ಬರುತ್ತಾನೆ. ಚಹಾ ಕೊಡುತ್ತಾರೆ, ಕೆಲಸ ಹೇಗಿದೆ ಎಂದು ಕೇಳುತ್ತಾರೆ. ಆಮೇಲೆ ಅಧಿಕಾರಿಗೆ ವರದಿ ಬರೆಯುತ್ತಾರೆ.

ಕಚೇರಿಯ ಬದಲು ಮನೆಯೇ ಏಕೆ? ಮನೆಯೊಳಗೆ ಕರೆಸಿಕೊಂಡರೆ ‘ನಿನ್ನನ್ನು ನಂಬಿದ್ದೇನೆ’ ಎಂದು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ಜಪಾನಿನ ವ್ಯವಸ್ಥೆಯ ಜೀವಾಳ ಇದೇ ಎನ್ನುವವರಿದ್ದಾರೆ. 2021ರಲ್ಲಿ ಕ್ಯೋಟೋದಲ್ಲಿ ವಿಶ್ವಸಂಸ್ಥೆಯ ಅಪರಾಧ ತಡೆ ಸಮಾವೇಶ ನಡೆದಾಗ ಜಪಾನ್ ಈ ಪದ್ಧತಿಯನ್ನು ಹೆಮ್ಮೆಯಿಂದ ಮುಂದಿಟ್ಟಿತ್ತು.

ಮೂರೇ ವರ್ಷದಲ್ಲಿ ಆ ಹೆಮ್ಮೆಗೆ ಗರ ಬಡಿಯಿತು. 2024ರ ಮೇ ತಿಂಗಳಲ್ಲಿ ಷಿಗ ಪ್ರಾಂತದ ಓತ್ಸು ನಗರದಲ್ಲಿ ಅರುವತ್ತರ ಹರೆಯದ ಹೊಗೋಷಿಯೊಬ್ಬರು ತಮ್ಮ ಮನೆಯಲ್ಲೇ ಕೊಲೆಯಾದರು. ಬಂಧಿತನಾದವನು ಅವರ ಮೇಲ್ವಿಚಾರಣೆಯಲ್ಲೇ ಇದ್ದ ವ್ಯಕ್ತಿ. 2010ರಲ್ಲಿ ಇಬರಾಕಿ ಪ್ರಾಂತದಲ್ಲಿ ಹೊಗೋಷಿಯೊಬ್ಬರ ಮನೆ ಸುಟ್ಟುಹೋಗಿತ್ತು. ಬೆಂಕಿಯಿಟ್ಟವನು ಅವರ ಬಳಿಗೆ ಬರುತ್ತಿದ್ದವನೇ. ಆಗಿನದು ಆಸ್ತಿ ನಷ್ಟ, ಪರಿಹಾರದ ಏರ್ಪಾಡು ಮಾಡಿ ಮುಂದೆ ಸಾಗಿದರು. ಈಗ ಹೋದದ್ದು ಜೀವ.

ಹೊಗೋಷಿಗಳ ಸರಾಸರಿ ವಯಸ್ಸು ಈಗ 65ರ ಆಸುಪಾಸು. ಮುದುಕರಾದವರು ಬಿಡುತ್ತಿದ್ದಾರೆ, ಎಳೆಯರು ಬರುತ್ತಿಲ್ಲ. ಇನ್ನು ಮನೆಯವರು ‘ನಮಗೆ ಭಯ, ಸಾಕು ಬಿಡಿ’ ಎಂದರೆ ತಪ್ಪು ಹೇಳುವಂತೆಯೂ ಇಲ್ಲ. ಸಂಬಳ ಕೊಟ್ಟು ನೇಮಿಸೋಣವೆಂದರೆ, ಸಂಬಳಕ್ಕೆ ಬಂದವನ ಮಾತಿಗೂ ಹಾಗೆಯೇ ಬಂದವನ ಮಾತಿಗೂ ವ್ಯತ್ಯಾಸವಿದೆ ಎಂದು ಹಿರಿಯ ಹೊಗೋಷಿಗಳು ವಾದಿಸಿದ್ದಾರೆ. ಅವರ ವಾದದಲ್ಲಿ ಹುರುಳಿದೆ. ಆದರೆ ಖರ್ಚು ಉಳಿಸುವ ಸರ್ಕಾರಕ್ಕೆ ಅದು ತೀರ ಅನುಕೂಲವಾದ ವಾದ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ‘ಗೌರವ ಸೇವೆ’ಯ ಹೆಸರಿನಲ್ಲಿ ದುಡಿಸಿಕೊಳ್ಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಓತ್ಸು ಘಟನೆಯ ನಂತರ ಜಪಾನಿನ ನ್ಯಾಯ ಸಚಿವಾಲಯ ಒಬ್ಬರ ಬದಲು ಇಬ್ಬರು ಹೊಗೋಷಿಗಳು ಸೇರಿ ಭೇಟಿಯಾಗುವುದಕ್ಕೆ, ಮನೆಯ ಬದಲು ಸಾರ್ವಜನಿಕ ಸಭಾಭವನಗಳಲ್ಲಿ ಕೂರುವುದಕ್ಕೆ ಉತ್ತೇಜನ ಕೊಡತೊಡಗಿತು. ಅನೇಕರು ಹಾಗೆಯೇ ಮಾಡುತ್ತಿದ್ದಾರೆ. ಮತ್ತೆ ಕೆಲವರು ಹಿಂದಿನಂತೆ ಮನೆಯ ಬಾಗಿಲನ್ನೇ ತೆರೆದು, ಒಳಗೆ ಕರೆದು, ಚಹಾಕ್ಕೆ ನೀರಿಡುತ್ತಿದ್ದಾರೆ.