ಗೆದ್ದವನನ್ನು ಸೋಲಿಸಿದ ಸುದ್ದಿ

1972ರ ಫೆಬ್ರವರಿ 26. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಮ್ಯಾಂಚೆಸ್ಟರ್ ನಗರದಲ್ಲಿ ಹಿಮ ಸುರಿಯುತ್ತಿತ್ತು. 'ಯೂನಿಯನ್ ಲೀಡರ್' ಪತ್ರಿಕೆಯ ಕಚೇರಿಯೆದುರು ಲಾರಿಯೊಂದರ ಮೇಲೆ ನಿಂತು ಸೆನೆಟರ್ ಎಡ್ಮಂಡ್ ಮಸ್ಕಿ ಮಾತನಾಡುತ್ತಿದ್ದರು. ಅಧ್ಯಕ್ಷ ನಿಕ್ಸನ್‌ಗೆ ಎದುರಾಳಿಯಾಗಿ ಡೆಮಾಕ್ರಟಿಕ್ ಪಕ್ಷ ಇವರನ್ನೇ ನಿಲ್ಲಿಸುತ್ತದೆ ಎಂಬುದು ಬಹುತೇಕರ ನಂಬಿಕೆಯಾಗಿತ್ತು. ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ರಾಜ್ಯ ರಾಜ್ಯಗಳಲ್ಲಿ ಮತದಾರರೇ ತೀರ್ಮಾನಿಸುವ ಪ್ರೈಮರಿ ಚುನಾವಣೆಗಳಲ್ಲಿ ಮೊದಲನೆಯದು ಈ ಪುಟ್ಟ ರಾಜ್ಯದ್ದು.

ಅದಕ್ಕೆ ಎರಡು ದಿನ ಮೊದಲು ಆ ಪತ್ರಿಕೆ ಓದುಗನೊಬ್ಬನದೆಂದು ಹೇಳಲಾದ ಕಾಗದವೊಂದನ್ನು ಅಚ್ಚು ಹಾಕಿತ್ತು. ಫ್ರೆಂಚ್ ಕೆನಡಿಯನ್ ಮೂಲದವರನ್ನು ಹಂಗಿಸುವ 'ಕ್ಯಾನಕ್' ಎಂಬ ಮಾತಿಗೆ ಮಸ್ಕಿ ನಕ್ಕರು ಎಂಬುದು ಅದರ ಆರೋಪ. ಮ್ಯಾಂಚೆಸ್ಟರ್‌ನ ಗಿರಣಿಗಳಲ್ಲಿ ದುಡಿದು ಅಲ್ಲೇ ನೆಲೆಸಿದ ಆ ಜನರ ಮತ ಅಲ್ಲಿ ಕಡಿಮೆಯೇನಲ್ಲ. ಕಿಡಿ ಎಲ್ಲಿ ಬೀಳಬೇಕೆಂಬುದು ಬರೆದವನಿಗೆ ಚೆನ್ನಾಗಿ ತಿಳಿದಿತ್ತು. ಅದರ ಮೇಲೆ, ಮಸ್ಕಿಯವರ ಹೆಂಡತಿಯನ್ನು ಹೀಯಾಳಿಸುವ ಬರಹವೂ ಬಂತು. ಪತ್ರಿಕೆಯ ಒಡೆಯ ವಿಲಿಯಂ ಲೋಬ್‌ನನ್ನು ಹೇಡಿಯೆಂದು ಜರೆಯುತ್ತ, ಹೆಂಡತಿಯ ಮಾತು ಬಂದಾಗ ಮಸ್ಕಿಯವರ ಗಂಟಲು ಕಟ್ಟಿತು. ಮುಖದ ಮೇಲೆ ನೀರು ಹರಿಯುತ್ತಿತ್ತು. 'ವಾಷಿಂಗ್ಟನ್ ಪೋಸ್ಟ್'ನ ಡೇವಿಡ್ ಬ್ರೋಡರ್ ಅದನ್ನು ಕಣ್ಣೀರೆಂದು ವರದಿ ಮಾಡಿದರು. ಕರಗಿದ ಹಿಮವದು ಎಂದು ಮಸ್ಕಿ ಕಡೆಯವರು ಹೇಳಿದರು. ಯಾರು ಕೇಳುತ್ತಾರೆ!

ಮಾರ್ಚ್ 7ರಂದು ಮತ ಎಣಿಸಿದಾಗ ಮಸ್ಕಿಗೆ ಶೇ. 46, ಜಾರ್ಜ್ ಮೆಕ್‌ಗವರ್ನ್‌ಗೆ ಶೇ. 37. ಗೆದ್ದದ್ದು ಮಸ್ಕಿ. ಆದರೆ ನೆರೆಯ ಮೇನ್ ರಾಜ್ಯದವರಾದ ಇವರಿಗೆ ಅರ್ಧಕ್ಕಿಂತ ಹೆಚ್ಚು ಮತ ಬರಲೇಬೇಕೆಂದು ಪತ್ರಿಕೆಗಳು ಮೊದಲೇ ಲೆಕ್ಕ ಹಾಕಿ ಕೂತಿದ್ದವು. ಆ ಲೆಕ್ಕಕ್ಕೆ ಸಾಲದ್ದರಿಂದ ಗೆಲುವು ಹಿನ್ನಡೆಯಾಯಿತು, ಮೆಕ್‌ಗವರ್ನ್‌ರ ಸೋಲು ಮುನ್ನಡೆಯಾಯಿತು. ಒಂದು ವಾರ ಕಳೆದು ಫ್ಲೋರಿಡಾದಲ್ಲಿ ಮಸ್ಕಿ ನಾಲ್ಕನೆಯ ಸ್ಥಾನಕ್ಕಿಳಿದರು. ಏಪ್ರಿಲ್ ಮುಗಿಯುವುದರೊಳಗೆ ಪ್ರಚಾರವನ್ನೇ ನಿಲ್ಲಿಸಿದರು.

ಇದೇ ರಾಜ್ಯದಲ್ಲಿ 1968ರಲ್ಲಿ ಅಧ್ಯಕ್ಷ ಜಾನ್ಸನ್, ಮತಪತ್ರದಲ್ಲಿ ಹೆಸರೇ ಇಲ್ಲದೆ, ಜನ ಕೈಯಾರೆ ಬರೆದು ಹಾಕಿದ ಮತಗಳಿಂದಲೇ ಯೂಜೀನ್ ಮೆಕಾರ್ಥಿಗಿಂತ ಮುಂದಿದ್ದರು. ಪತ್ರಿಕೆಗಳ ಕಣ್ಣಿಗೆ ಅದೂ ಸೋಲಿನಂತೆಯೇ ಕಂಡಿತ್ತು. ಆ ತಿಂಗಳ ಕೊನೆಯಲ್ಲಿ ಜಾನ್ಸನ್ ಕಣದಿಂದ ಹಿಂದೆ ಸರಿದರು. ಆದರೆ ಅಲ್ಲಿ ವಿಯೆಟ್ನಾಂ ಯುದ್ಧದ ಸಿಟ್ಟಿತ್ತು. ಆ ಸಿಟ್ಟು ನಿಜವಾದದ್ದು. ಹಾಗಾಗಿ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ. ಕಣ್ಣೀರಿಗೂ ಎಲ್ಲ ಕಾಲದಲ್ಲಿ ಒಂದೇ ಬೆಲೆಯಿಲ್ಲ: 2008ರ ಜನವರಿಯಲ್ಲಿ ಇದೇ ರಾಜ್ಯದಲ್ಲಿ ಹಿಲರಿ ಕ್ಲಿಂಟನ್‌ರ ಕಣ್ಣು ತೇವವಾಯಿತು, ಮರುದಿನ, ಸಮೀಕ್ಷೆಗಳನ್ನೆಲ್ಲ ಸುಳ್ಳು ಮಾಡಿ ಅವರು ಒಬಾಮರ ವಿರುದ್ಧ ಗೆದ್ದರು.

ಆ ಕಾಗದ ನಿಕ್ಸನ್ ಕಡೆಯವರ ಕುತಂತ್ರವೆಂದು 'ವಾಷಿಂಗ್ಟನ್ ಪೋಸ್ಟ್'ನಲ್ಲೇ ವರದಿ ಬಂದದ್ದು 1972ರ ಅಕ್ಟೋಬರ್ 10ರಂದು. ಅಷ್ಟರಲ್ಲಿ ಮೆಕ್‌ಗವರ್ನ್ ಅಭ್ಯರ್ಥಿಯಾಗಿದ್ದರು. ನವೆಂಬರ್‌ನಲ್ಲಿ ಐವತ್ತು ರಾಜ್ಯಗಳ ಪೈಕಿ ನಲವತ್ತೊಂಬತ್ತು ನಿಕ್ಸನ್ ಪಾಲಾದವು. ತಾವು ಬರೆದ ಆ ಕಣ್ಣೀರಿನ ವರದಿಯ ಬಗ್ಗೆ ಬ್ರೋಡರ್ 1987ರಲ್ಲಿ ಲೇಖನವೊಂದನ್ನು ಬರೆದು ವಿಷಾದಿಸಿದರು. ಕಾಗದಕ್ಕೆ ಸಹಿ ಹಾಕಿದ್ದ ಓದುಗ ಮಾತ್ರ ಯಾರಿಗೂ ಸಿಗಲೇ ಇಲ್ಲ.