38 ರೂಪಾಯಿ 13 ಆಣೆ 2 ಪೈ: ಉಡುಪಿಯ ಹಳೆಯ ಬ್ಯಾಂಕು, ಹಳೆಯ ಶಾಲೆ

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಒಂದು ಬ್ಯಾಂಕು ಬಾಗಿಲು ತೆರೆಯಿತು. ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ವ್ಯವಹಾರ ಮುಗಿಸಿ ಲೆಕ್ಕ ಹಾಕಿದಾಗ ಸೇರಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟರಲ್ಲ, ಅದರಲ್ಲೇ ಈ ಊರಿನ ವ್ಯಾಪಾರಿಗಳ ಗುಣ ಗೊತ್ತಾಗುತ್ತದೆ.

ಸ್ಥಾಪಕರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್. ಅಷ್ಟಮಠಗಳ ಊರಲ್ಲಿ ಮುಸ್ಲಿಂ ವರ್ತಕರೊಬ್ಬರು ಮುಂದೆ ನಿಂತು ಬ್ಯಾಂಕು ಕಟ್ಟಿದ್ದು ಇಂದಿನವರಿಗೆ ಸೋಜಿಗವಾಗಿ ಕಾಣಬಹುದು. ಅಂದಿನ ಉಡುಪಿಗೆ ಅಷ್ಟೇನೂ ಕಂಡಂತಿಲ್ಲ. ಷೇರು ಕೊಳ್ಳಿರೆಂದು ಹೊರಡಿಸಿದ ಮನವಿಯಲ್ಲಿ ಅವರು ಜಾತಿಮತದ ಭೇದವಿಲ್ಲದೆ ಎಲ್ಲರಲ್ಲೂ ಉಳಿತಾಯದ, ಸಹಕಾರದ ಅಭ್ಯಾಸ ಬೆಳೆಯಬೇಕೆಂದರು, ಇದೇ ನಿಜವಾದ ಸ್ವದೇಶಿ ಎಂದರು. ಬಂಗಾಳದ ವಿಭಜನೆಯಾಗಿ ಸ್ವದೇಶಿ ಚಳವಳಿ ಕಾವೇರಿದ್ದ ದಿನಗಳವು. ಹೆಂಗಸರ ಆಸ್ಪತ್ರೆಗೆ ಜಾಗ ಕೊಟ್ಟವರೂ ಇವರೇ. ಕೃಷ್ಣಮಠದ ದೀಪಗಳಿಗೆ ಎಣ್ಣೆ ಸಾಲದಾದಾಗ ಹಾಜಿ ಅಬ್ದುಲ್ಲಾರ ಕಡೆಯಿಂದ ಎಣ್ಣೆ ಬಂತೆಂಬ ಕಥೆಯನ್ನು ಊರಿನ ಹಿರಿಯರು ಈಗಲೂ ಹೇಳುತ್ತಾರೆ.

ಬ್ಯಾಂಕು ಶುರುವಾದದ್ದು ಸ್ಥಾಪಕರ ಮನೆಯಲ್ಲೇ. ದೊಡ್ಡ ಕಂಬಗಳ, ಗೋಪುರ ಗಡಿಯಾರದ ಬ್ಯಾಂಕು ಕಟ್ಟಡಗಳೆಲ್ಲ ಮದ್ರಾಸು, ಬೊಂಬಾಯಿಯ ಸಂಗತಿ. ಕರಾವಳಿಯಲ್ಲಿ ಪರಿಚಿತರ ಜಗಲಿಯೇ ಬ್ಯಾಂಕಿನ ಹೊಸ್ತಿಲು. ಇಟ್ಟ ದುಡ್ಡಿಗೆ ಜಾಮೀನು ಕಟ್ಟಡವಲ್ಲ, ಆ ಮನೆಯ ಯಜಮಾನ.

ಬೆಳವಣಿಗೆ ಮಾತ್ರ ನಿಧಾನ. ಮೊದಲ ಶಾಖೆ ಕುಂದಾಪುರದಲ್ಲಿ ತೆರೆದದ್ದು 1923ರಲ್ಲಿ, ಅಂದರೆ 17 ವರ್ಷದ ಮೇಲೆ. ಮಂಗಳೂರಿನ ರಥಬೀದಿಯ ಶಾಖೆ 1926ರಲ್ಲಿ. ರೈಲಿಲ್ಲದ, ಹೊಳೆಗಳಿಗೆ ಸೇತುವೆ ಇಲ್ಲದ ಕಾಲ. ಉಡುಪಿಯಿಂದ ಮಂಗಳೂರಿಗೆ ಹೋಗುವವರು ಒಂದಾದ ಮೇಲೊಂದು ಕಡವು ದಾಟಬೇಕಿತ್ತು. ಹಾಗಿರುವಾಗ ಬ್ಯಾಂಕು ಓಡಲಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ.

ಅಷ್ಟರಲ್ಲಿ ಉಡುಪಿಯಲ್ಲೇ ಇನ್ನೊಂದು ಬ್ಯಾಂಕು ಹುಟ್ಟಿತ್ತು. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗಾಲಾಗಿದ್ದಾಗ, 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ ತೆರೆದರು. 1928ರಲ್ಲಿ ಇವರು ತಂದ ಪಿಗ್ಮಿ ಯೋಜನೆಗೆ ಕಟ್ಟಡವೇ ಬೇಕಿರಲಿಲ್ಲ. ಏಜೆಂಟರು ದಿನಾ ಅಂಗಡಿಗೋ ಮನೆಬಾಗಿಲಿಗೋ ಬಂದು ಎರಡಾಣೆ ತೆಗೆದುಕೊಂಡು, ಪುಸ್ತಕದಲ್ಲಿ ಬರೆದು ಹೋಗುವರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಮೀನು ಮಾರುವ ಹೆಂಗಸಿಗೂ ಹೀಗೆ ಒಂದು ಖಾತೆ ಸಾಧ್ಯವಾಯಿತು. ದಕ್ಷಿಣ ಕನ್ನಡ ಬ್ಯಾಂಕುಗಳ ತೊಟ್ಟಿಲು ಎಂದು ಭಾಷಣಗಳಲ್ಲಿ ಹೇಳುವಾಗ ದೊಡ್ಡವರ ಹೆಸರುಗಳೇ ಬರುತ್ತವೆ. ಬಿಸಿಲಲ್ಲಿ ನಡೆದ ಪಿಗ್ಮಿ ಏಜೆಂಟರದ್ದು ಬರುವುದಿಲ್ಲ.

ಈ ಕಥೆಯಿಂದ ಶಾಲೆಯನ್ನು ಬೇರೆ ಮಾಡಲಾಗದು. ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲು ಕಟ್ಟಿ, ಆಮೇಲೆ 1906ರಲ್ಲಿ ಮುಂದೆ ಕೆನರಾ ಬ್ಯಾಂಕ್ ಆದ ಸಂಸ್ಥೆಯನ್ನು ತೆರೆದರು. ಟಿ.ಎಂ.ಎ. ಪೈಗಳದು ತಿರುಗಿದ ಕ್ರಮ: ಮೊದಲು ಬ್ಯಾಂಕು, ನಂತರ 1949ರಲ್ಲಿ ಉಡುಪಿಯ ಕುಂಜಿಬೆಟ್ಟಿನಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಮಣಿಪಾಲದ ಮೆಡಿಕಲ್ ಕಾಲೇಜು. ಬ್ಯಾಂಕಿಗೆ ಲೆಕ್ಕ ಬರೆಯುವ ಗುಮಾಸ್ತರು ಬೇಕು, ಓದಿದ ಹುಡುಗರಿಗೆ ಕೆಲಸ ಬೇಕು, ಒಂದಕ್ಕೊಂದು ಆಸರೆ.

ಅದಕ್ಕೂ ಹಿಂದೆ ಬಾಸೆಲ್ ಮಿಷನ್ ಉಡುಪಿಗೆ ಕಾಲಿಟ್ಟಾಗಿತ್ತು. ಮಿಷನ್ ಕಾಂಪೌಂಡು, ಕ್ರಿಶ್ಚಿಯನ್ ಹೈಸ್ಕೂಲು ಅದರ ಗುರುತುಗಳು. ಸರ್ಕಾರದ ಕಡೆಯಿಂದ ಡಿಸ್ಟ್ರಿಕ್ಟ್ ಬೋರ್ಡಿನ ಶಾಲೆಗಳು ಬಂದವು. ಉಡುಪಿಯಲ್ಲೂ ಕುಂದಾಪುರದಲ್ಲೂ ಅವು ಎಂದೋ ಸರ್ಕಾರಿ ಕಾಲೇಜುಗಳಾಗಿವೆ. ಊರಿನವರ ಬಾಯಲ್ಲಿ ಇನ್ನೂ ಬೋರ್ಡ್ ಹೈಸ್ಕೂಲುಗಳೇ.

ಈ ಕಾಲದ ಶಾಲೆಗಳ ಕಟ್ಟೋಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗೋಡೆ ಮುರಕಲ್ಲಿನದು, ಮೇಲೆ ಸುಣ್ಣದ ಗಾರೆ. ಎತ್ತರದ ಮಾಡು, ಪಕ್ಕಾಸಿನ ಮೇಲೆ ರೀಪು, ರೀಪಿನ ಮೇಲೆ ಮಂಗಳೂರು ಹಂಚು. ನಡುನಡುವೆ ಗಾಜಿನ ಹಂಚು ಕೂರಿಸಿದರೆ ಆಷಾಢದ ಕತ್ತಲಲ್ಲೂ ಕರಿಹಲಗೆ ಕಾಣುತ್ತದೆ. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನೆಲದಲ್ಲಿ ಜಗಲಿಯ ಇಳಿಮಾಡು ಇಲ್ಲದಿದ್ದರೆ ಗೋಡೆ ನೆನೆದು ಹೋಗುತ್ತಿತ್ತು. ಈ ಹಂಚೂ ಮಿಷನ್ನಿನವರದೇ ಕೊಡುಗೆ: 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಕಾರ್ಖಾನೆ ತೆರೆದರು, ಮುಂದೆ ಉಡುಪಿಯ ಪಕ್ಕದ ಮಲ್ಪೆಯಲ್ಲೂ ಹಂಚು ತಯಾರಾಯಿತು. ಮಾಡು ಬಿಚ್ಚಿದಾಗ ಹಂಚಿನ ಅಡಿಯಲ್ಲಿ ಕಾರ್ಖಾನೆಯ ಮುದ್ರೆ ಕಾಣುತ್ತದೆ; ಕಟ್ಟಡದ ವಯಸ್ಸು ತಿಳಿಯಲು ಎಷ್ಟೋ ಸಲ ಅದೂ ಒಂದು ಸಾಕ್ಷಿ.

ಬ್ಯಾಂಕುಗಳ ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಷನ್ 1980ರಲ್ಲಿ ರಾಷ್ಟ್ರೀಕರಣಗೊಂಡವು. 2020ರ ಏಪ್ರಿಲ್ 1ರಂದು ಒಂದೇ ದಿನ ಸಿಂಡಿಕೇಟ್ ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲೂ ಸೇರಿಹೋದವು. ಉಡುಪಿಯಲ್ಲಿ ಹುಟ್ಟಿದ ಎರಡೂ ಹೆಸರು ಬೋರ್ಡುಗಳಿಂದ ಇಳಿದವು.

ಉಳಿದದ್ದು ಹಾಜಿ ಅಬ್ದುಲ್ಲಾರ ಮನೆ. 2011ರಲ್ಲಿ ಬ್ಯಾಂಕು ಅದನ್ನು ವಸ್ತುಸಂಗ್ರಹಾಲಯ ಮಾಡಿತು. ಕ್ರಿಸ್ತಪೂರ್ವದ ನಾಣ್ಯಗಳಿಂದ ಹಿಡಿದು ನಮ್ಮ ಕಾಲದವರೆಗಿನ ನಾಣ್ಯಗಳು ಅಲ್ಲಿವೆ. ಮನೆಯನ್ನು ಕೆಡವಿ ಮಹಡಿ ಎಬ್ಬಿಸುವುದು ಸುಲಭವಿತ್ತು. ಹಾಗೆ ಮಾಡದ್ದು ದೊಡ್ಡ ವಿವೇಕ. ಶಾಲೆಗಳಿಗೆ ಅಂಥ ದಿಕ್ಕಿಲ್ಲ. ಹಳೆಯ ವಿದ್ಯಾರ್ಥಿಗಳ ಸಂಘ ದುಡ್ಡು ಕೂಡಿಸಿದರೆ ಮೊದಲು ಹೊಳೆಯುವ ಯೋಚನೆಯೇ ಹಂಚು ತೆಗೆದು ಸ್ಲ್ಯಾಬು ಹಾಕುವುದು. ನೂರು ವರ್ಷದ ಮಳೆ ತಡೆದ ಮಾಡಿಗೆ ಒಡೆದ ಹಂಚು, ಹುಳುಕು ರೀಪು ಬದಲಿಸಿದರೆ ಸಾಕಾಗುತ್ತದೆ, ಖರ್ಚೂ ಕಡಿಮೆ. ಮುಂದಿನ ಶತಮಾನೋತ್ಸವದ ಸಮಿತಿಯವರು ಗುತ್ತಿಗೆದಾರರನ್ನು ಕರೆಯುವ ಮೊದಲು ಊರಿನ ಒಬ್ಬ ಹಳೆಯ ಆಚಾರಿಯನ್ನು ಕರೆದು ಮಾಡು ತೋರಿಸಲಿ.